ಕಲಿಕಾ ಪಾಠ: ಅನ್ನ, ಮುದ್ದೆ, ರೊಟ್ಟಿ ಮತ್ತು ಮಧುಮೇಹ – ಅಳತೆ ತಿಳಿದು ಉಣ್ಣುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸದಸ್ಯರ ಅಧ್ಯಯನಕ್ಕಾಗಿ)

1. ಪಾಠದ ಉದ್ದೇಶ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇದು ಪಟ್ಟಣದ ಕಾಯಿಲೆ ಎಂಬ ಭಾವನೆ ಇಂದು ಉಳಿದಿಲ್ಲ.

ನಮ್ಮ ಗ್ರಾಮಗಳಲ್ಲಿ ಈ ಕಾಯಿಲೆಯ ಕುರಿತು ಎರಡು ಮಾತುಗಳು ಬಳಕೆಯಲ್ಲಿವೆ. "ಅನ್ನ ಬಿಟ್ಟರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ" ಎಂಬುದು ಒಂದು. "ರಾಗಿ ಮುದ್ದೆಯನ್ನು ಎಷ್ಟು ಉಂಡರೂ ತೊಂದರೆಯಿಲ್ಲ" ಎಂಬುದು ಇನ್ನೊಂದು. ಎರಡರಲ್ಲಿಯೂ ಅರ್ಧ ಸತ್ಯವಿದೆ, ಉಳಿದರ್ಧದಿಂದ ಹಾನಿಯಾಗುತ್ತಿದೆ. ಈ ಪಾಠವನ್ನು ಓದಿದವರು ತಮ್ಮ ಮನೆಯ ತಟ್ಟೆಯಲ್ಲಿರುವ ಪಿಷ್ಟವನ್ನು ತಾವೇ ಲೆಕ್ಕ ಹಾಕುವಂತಾಗಬೇಕು ಎಂಬುದೇ ಇದರ ಉದ್ದೇಶ.

2. ಪಿಷ್ಟವು ದೇಹದಲ್ಲಿ ಏನಾಗುತ್ತದೆ?

ಅಕ್ಕಿ, ರಾಗಿ, ಜೋಳ, ಗೋಧಿ, ಆಲೂಗಡ್ಡೆ, ಮರಗೆಣಸು ಇವೆಲ್ಲವುಗಳಲ್ಲಿ ಮುಖ್ಯವಾಗಿರುವುದು ಪಿಷ್ಟ. ಅದು ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಆ ಗ್ಲೂಕೋಸನ್ನು ಜೀವಕೋಶಗಳಿಗೆ ತಲುಪಿಸಲು ನೆರವಾಗುತ್ತದೆ. ಮಧುಮೇಹದಲ್ಲಿ ಇನ್ಸುಲಿನ್ ಸಾಲುವುದಿಲ್ಲ, ಇಲ್ಲವೇ ಅದರ ಕೆಲಸ ಸರಿಯಾಗಿ ನಡೆಯುವುದಿಲ್ಲ.

ಇದನ್ನು ಕೆರೆಯ ಉದಾಹರಣೆಯಿಂದ ತಿಳಿಯಬಹುದು. ತೂಬು ಕಿರಿದಾದ ಕೆರೆಗೆ ಒಮ್ಮೆಲೇ ಹೆಚ್ಚು ನೀರು ಬಂದರೆ ಮಟ್ಟ ಏರುತ್ತದೆ. ಅಷ್ಟೇ ನೀರು ನಿಧಾನವಾಗಿ ಬಂದರೆ ಏರಿಕೆ ಕಡಿಮೆ. ಆದುದರಿಂದ ನಾವು ಗಮನಿಸಬೇಕಾದುದು ಎರಡು: ಒಂದು ಊಟದಲ್ಲಿ ಒಳಬರುವ ಪಿಷ್ಟದ ಪ್ರಮಾಣ ಮತ್ತು ಅದು ಒಳಬರುವ ವೇಗ. ಧಾನ್ಯವನ್ನು ಬದಲಿಸಿದರೆ ವೇಗದಲ್ಲಿ ಸ್ವಲ್ಪ ವ್ಯತ್ಯಾಸವಾಗಬಹುದು. ಪ್ರಮಾಣವನ್ನು ನಾವೇ ಕಡಿಮೆ ಮಾಡಬೇಕು.

3. ಧಾನ್ಯಗಳ ಹೋಲಿಕೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ, 100 ಗ್ರಾಂ ಹಸಿ ಧಾನ್ಯದಲ್ಲಿ ದೊರೆಯುವ ಅಂಶಗಳು ಸುಮಾರು ಹೀಗಿವೆ:

– ಬಿಳಿ ಅಕ್ಕಿ: ಶರ್ಕರಪಿಷ್ಟ 78 ಗ್ರಾಂ, ನಾರಿನಂಶ 3 ಗ್ರಾಂ
– ರಾಗಿ: ಶರ್ಕರಪಿಷ್ಟ 67 ಗ್ರಾಂ, ನಾರಿನಂಶ 11 ಗ್ರಾಂ
– ಜೋಳ: ಶರ್ಕರಪಿಷ್ಟ 68 ಗ್ರಾಂ, ನಾರಿನಂಶ 10 ಗ್ರಾಂ

ರಾಗಿ ಮತ್ತು ಜೋಳದಲ್ಲಿ ನಾರು ಹೆಚ್ಚು. ರಾಗಿಯಲ್ಲಿ ಸುಣ್ಣದ ಅಂಶ ಅಕ್ಕಿಗಿಂತ ಬಹುಪಾಲು ಅಧಿಕ. ಇವು ನಿಜವಾದ ಗುಣಗಳು. ಆದರೆ ಶರ್ಕರಪಿಷ್ಟದ ಅಂಕಣವನ್ನು ಮತ್ತೊಮ್ಮೆ ನೋಡಬೇಕು. 60 ಗ್ರಾಂ ಅಕ್ಕಿ, 70 ಗ್ರಾಂ ರಾಗಿಹಿಟ್ಟು, 70 ಗ್ರಾಂ ಜೋಳದಹಿಟ್ಟು – ಈ ಮೂರರಲ್ಲಿಯೂ ಇರುವುದು ಸುಮಾರು 47 ಗ್ರಾಂ. ಧಾನ್ಯ ಬದಲಾದಾಗ ಉಳಿದದ್ದು 10 ಗ್ರಾಂ ಹಿಟ್ಟಿನ ಅಂತರ ಮಾತ್ರ.

ನುಣ್ಣಗೆ ಬೀಸಿದ ಹಿಟ್ಟು ಹಾಗೂ ನೀರಾಗಿ ಕಾಯಿಸಿದ ಅಂಬಲಿ, ಗಂಜಿಗಳು ಬೇಗ ಜೀರ್ಣವಾಗುತ್ತವೆ. ಬೆಲ್ಲ ಹಾಕಿದ ರಾಗಿ ಮಾಲ್ಟನ್ನು ಮಧುಮೇಹಿಗಳ ಪಾನೀಯವೆಂದು ತಿಳಿಯಬಾರದು. ಕರಾವಳಿಯ ಕುಚ್ಚಲಕ್ಕಿಯು ಬೆಳ್ತಿಗೆ ಅಕ್ಕಿಗಿಂತ ಸಾಮಾನ್ಯವಾಗಿ ನಿಧಾನವಾಗಿ ಜೀರ್ಣವಾಗುತ್ತದೆ. ಆದರೆ ಅದಕ್ಕೂ ಅಳತೆ ಬೇಕು.

4. ಮುದ್ದೆಯ ಲೆಕ್ಕ

ತುಮಕೂರು, ಹಾಸನ, ಕೋಲಾರದ ಕಡೆಯ ಊಟದಲ್ಲಿ ಮೊದಲು ಮುದ್ದೆ, ಬಳಿಕ ಅನ್ನ. ಐದು ಜನರಿಗೆ ಅರ್ಧ ಕಿಲೋ ಹಿಟ್ಟಿನ ಮುದ್ದೆ ಮಾಡಿದರೆ ಒಬ್ಬರ ಪಾಲು 100 ಗ್ರಾಂ ಹಿಟ್ಟು, ಅಂದರೆ 67 ಗ್ರಾಂ ಶರ್ಕರಪಿಷ್ಟ. ಮೇಲೆ 200 ಗ್ರಾಂ ಅನ್ನ ಬಡಿಸಿಕೊಂಡರೆ ಇನ್ನೂ 56 ಗ್ರಾಂ. (ಬೆಂದ ಅನ್ನದಲ್ಲಿ 100 ಗ್ರಾಂಗೆ ಸುಮಾರು 28 ಗ್ರಾಂ ಇರುತ್ತದೆ.) ಒಟ್ಟು 123 ಗ್ರಾಂ.

ಮಧುಮೇಹವಿರುವ ಅನೇಕ ವಯಸ್ಕರಿಗೆ ಒಂದು ಊಟದಲ್ಲಿ 45ರಿಂದ 60 ಗ್ರಾಂ ಶರ್ಕರಪಿಷ್ಟವನ್ನು ಆರಂಭದ ಮಿತಿಯಾಗಿ ಸೂಚಿಸುವುದುಂಟು. ದೇಹದ ತೂಕ, ದುಡಿಮೆ ಮತ್ತು ಔಷಧಿಗೆ ತಕ್ಕಂತೆ ವೈದ್ಯರು ಇದನ್ನು ನಿಗದಿಪಡಿಸುತ್ತಾರೆ. ಮೇಲಿನ ಊಟ ಆ ಮಿತಿಯ ಎರಡು ಪಟ್ಟು. ಉಂಡವರು "ನಾನು ಮುದ್ದೆಯನ್ನೇ ಉಣ್ಣುವವನು" ಎಂದು ಹೇಳಿದರೂ ರಕ್ತಕ್ಕೆ ಸೇರುವುದು ಎರಡರ ಮೊತ್ತ.

ಅದೇ ಊಟವನ್ನು 50 ಗ್ರಾಂ ಹಿಟ್ಟಿನ ಸಣ್ಣ ಮುದ್ದೆ ಮತ್ತು ಒಂದು ಸಣ್ಣ ಸೌಟು (50 ಗ್ರಾಂ) ಅನ್ನಕ್ಕೆ ಇಳಿಸಿದರೆ ಒಟ್ಟು 47 ಗ್ರಾಂ ಆಗುತ್ತದೆ. ಅನ್ನವನ್ನು ಬಿಡಬೇಕಾಗಿಲ್ಲ, ಮುದ್ದೆಯನ್ನೂ ಬಿಡಬೇಕಾಗಿಲ್ಲ.

5. ತೆಗೆದ ಜಾಗದಲ್ಲಿ ಏನನ್ನು ಇಡಬೇಕು?

ಅನ್ನ ಕಡಿಮೆ ಮಾಡಿದವರು ಹಸಿವು ತಾಳಲಾರದೆ ವಾರದೊಳಗೆ ಹಳೆಯ ಅಳತೆಗೆ ಮರಳುತ್ತಾರೆ. ಕಾರಣ, ತಟ್ಟೆಯ ಖಾಲಿ ಜಾಗವನ್ನು ಯಾರೂ ತುಂಬಿಸಿರುವುದಿಲ್ಲ. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಅನ್ನ, ಮುದ್ದೆ ಅಥವಾ ರೊಟ್ಟಿ – ಇದು ಸುಲಭವಾಗಿ ನೆನಪಿಡಬಹುದಾದ ಕ್ರಮ. ಆಲೂಗಡ್ಡೆ ಪಲ್ಯವನ್ನು ತರಕಾರಿಯ ಲೆಕ್ಕಕ್ಕೆ ಸೇರಿಸದೆ ಅನ್ನದ ಲೆಕ್ಕಕ್ಕೆ ಸೇರಿಸಬೇಕು.

2025ರಲ್ಲಿ ಪ್ರಕಟವಾದ ಅದೇ ಸಮೀಕ್ಷಾ ತಂಡದ ಆಹಾರ ಅಧ್ಯಯನವು, ಭಾರತೀಯರ ದಿನದ ಶಕ್ತಿಯ ಸುಮಾರು ಶೇ. 62 ಭಾಗ ಶರ್ಕರಪಿಷ್ಟದಿಂದಲೇ ಬರುತ್ತಿದೆ ಎಂದು ತಿಳಿಸಿದೆ. ಒಟ್ಟು ಪ್ರಮಾಣವನ್ನು ಇಳಿಸದೆ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ಬಳಸಿದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದು ಕಂಡುಬಂದಿಲ್ಲ; ಅದರ ಒಂದು ಪಾಲನ್ನು ಕಾಳು, ಹಾಲಿನಂತಹ ಸಸಾರಜನಕ ಆಹಾರಕ್ಕೆ ಬದಲಿಸಿದಾಗ ಅಪಾಯ ಕಡಿಮೆ ಕಂಡಿತು.

ಇಲ್ಲಿ ಬಡ ಕುಟುಂಬದ ಕಷ್ಟವನ್ನು ಮರೆಯಲಾಗದು. ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ ದೊರೆಯುತ್ತದೆ. ದಿನಕ್ಕೆ ಸುಮಾರು 166 ಗ್ರಾಂ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು 2000 ಕ್ಯಾಲೊರಿಯ ಆಹಾರಕ್ಕೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಸೂಚಿಸುತ್ತದೆ. ಧಾನ್ಯದ ಬಹುಪಾಲು ನ್ಯಾಯಬೆಲೆ ಅಂಗಡಿಯಿಂದಲೇ ಬರುತ್ತದೆ. ಕಾಳನ್ನು ಕೊಂಡು ತರಬೇಕು: ನಾಲ್ವರ ಮನೆಗೆ ತಿಂಗಳಿಗೆ 10 ಕಿಲೋ. ಸಾರು ತೆಳುವಾದಷ್ಟೂ ಅನ್ನ ಹೆಚ್ಚುತ್ತದೆ. ಆದುದರಿಂದ ಕೈಗೆಟುಕುವ ಹುರುಳಿಕಾಳು, ಅಲಸಂದೆ, ಅವರೆ, ಹಿತ್ತಲಿನ ನುಗ್ಗೆಸೊಪ್ಪು, ಹೊಲದ ಬದುವಿನ ಅಣ್ಣೆಸೊಪ್ಪು ಇವುಗಳಿಗೆ ಆದ್ಯತೆ ಇರಲಿ. ಬಸ್ಸಾರು ಮಾಡಿದ ದಿನ ಬಸಿದ ಕಾಳುಸೊಪ್ಪಿನ ಪಲ್ಯವನ್ನು ಮೊದಲು ತಿಂದು, ಬಳಿಕ ಮುದ್ದೆಗೆ ಕೈಹಾಕಿದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಊಟವಾದ ಮೇಲೆ 10–15 ನಿಮಿಷ ನಡೆಯುವುದೂ ಉಪಯುಕ್ತ.

ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಆಹಾರ ಬದಲಿಸಬಾರದು.

6. ಊಟ ಬಿಡುವುದರ ಅಪಾಯ

ನಮ್ಮ ಪಂಚಾಯಿತಿಯ ಉದ್ಯೋಗ ಖಾತರಿ ಕಾಮಗಾರಿಯೊಂದರಲ್ಲಿ ಮಧ್ಯವಯಸ್ಸಿನ ಕೂಲಿಕಾರರೊಬ್ಬರು ಬೆಳಗ್ಗೆ ಮಾತ್ರೆ ನುಂಗಿ, ಸಕ್ಕರೆ ಇಳಿಯಲೆಂದು ತಿಂಡಿ ಬಿಟ್ಟು ಕೆಲಸಕ್ಕೆ ಬಂದಿದ್ದರು. ಹತ್ತೂವರೆಯ ಹೊತ್ತಿಗೆ ಮೈ ಬೆವರಿ, ಕೈ ನಡುಗಿ, ತೊದಲತೊಡಗಿದರು. ಬಿಸಿಲಿನ ಬಾಧೆಯೆಂದು ನೆರಳಿನಲ್ಲಿ ಮಲಗಿಸಿದ್ದರು. ಪಕ್ಕದ ಕೆಲಸದಲ್ಲಿದ್ದ, ಅದೇ ಕಾಯಿಲೆಯ ಮಹಿಳೆಯೊಬ್ಬರು ಗುರುತಿಸಿ ಸಕ್ಕರೆ ನೀರು ಕುಡಿಸಿದ ಕಾರಣ ಚೇತರಿಸಿಕೊಂಡರು.

ಇನ್ಸುಲಿನ್ ಪಡೆಯುವವರು ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆ ಸೇವಿಸುವವರು ಊಟ ಬಿಟ್ಟರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಹುದು. ಆಗ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಚೇತರಿಸಿದ ಮೇಲೆ ಊಟ ಮಾಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಅನ್ನದ ಅಳತೆಯನ್ನು ಬಹಳಷ್ಟು ಇಳಿಸುವವರು ಔಷಧಿಯ ಅಳತೆಯ ಬಗ್ಗೆ ವೈದ್ಯರೊಂದಿಗೆ ಮೊದಲೇ ಮಾತನಾಡಬೇಕು.

7. ಪಂಚಾಯಿತಿ ಮಟ್ಟದಲ್ಲಿ ಮಾಡಬಹುದಾದ ಕೆಲಸ

ಅ) 30 ವರ್ಷ ಮೀರಿದ ಎಲ್ಲರೂ ಆಶಾ ಕಾರ್ಯಕರ್ತೆಯರ ಮೂಲಕ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ತಪಾಸಣೆ ಮಾಡಿಸಿಕೊಳ್ಳುವಂತೆ ಗ್ರಾಮಸಭೆಯಲ್ಲಿ ತಿಳಿಸುವುದು.
ಆ) ಸ್ವಸಹಾಯ ಸಂಘದ ಸಭೆಯಲ್ಲಿ ಒಮ್ಮೆ ತಕ್ಕಡಿ ಇಟ್ಟು, ಪ್ರತಿಯೊಬ್ಬರೂ ತಮ್ಮ ಮನೆಯ ಮುದ್ದೆಗೆ ಹಾಕುವ ಹಿಟ್ಟನ್ನು ತೂಗಿ ನೋಡುವುದು.
ಇ) ಪ್ರತಿ ಕಾಮಗಾರಿ ಸ್ಥಳದ ಪ್ರಥಮ ಚಿಕಿತ್ಸಾ ಪೆಟ್ಟಿಗೆಯೊಡನೆ ಸಕ್ಕರೆಯ ಪೊಟ್ಟಣ ಇರಿಸುವುದು, ಮೇಟಿಗೆ ಮೇಲಿನ ಲಕ್ಷಣಗಳನ್ನು ತಿಳಿಸುವುದು.
ಈ) ಪಂಚಾಯಿತಿ ಸಭೆಗಳಲ್ಲಿ ಬಿಸ್ಕತ್ತು, ಸಕ್ಕರೆ ಚಹಾದ ಜೊತೆಗೆ ಉಸಲಿ, ಮಜ್ಜಿಗೆಯನ್ನೂ ಒದಗಿಸುವುದು.

8. ಅಭ್ಯಾಸ

ಪ್ರಶ್ನೆ 1: ನಾಲ್ವರ ಮನೆಯಲ್ಲಿ 600 ಗ್ರಾಂ ರಾಗಿಹಿಟ್ಟಿನಿಂದ ನಾಲ್ಕು ಮುದ್ದೆ ಕಟ್ಟಿದರೆ ಒಂದರಲ್ಲಿರುವ ಶರ್ಕರಪಿಷ್ಟ ಎಷ್ಟು?
ಉತ್ತರ: 150 ಗ್ರಾಂ ಹಿಟ್ಟು, ಸುಮಾರು 100 ಗ್ರಾಂ ಶರ್ಕರಪಿಷ್ಟ.

ಪ್ರಶ್ನೆ 2: ಹೊಸ ಅಳತೆ ತಮಗೆ ಒಗ್ಗಿದೆಯೇ ಎಂದು ತಿಳಿಯುವುದು ಹೇಗೆ?
ಉತ್ತರ: ಊಟಕ್ಕೆ ಮುನ್ನ ಮತ್ತು ಊಟ ಆರಂಭಿಸಿದ ಎರಡು ಗಂಟೆಯ ನಂತರ ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು. ಎರಡು ಗಂಟೆಯ ಅಂಕಿ 180ಕ್ಕಿಂತ ಕಡಿಮೆ ಇರುವುದು ಅನೇಕರಿಗೆ ಸಾಮಾನ್ಯ ಗುರಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿದರೆ ಯಾವುದರಿಂದ ಗುಣವಾಯಿತು ಎಂಬುದು ಸ್ಪಷ್ಟವಾಗುತ್ತದೆ.

ಪ್ರಶ್ನೆ 3: ಅಕ್ಕಿಯನ್ನು ಪೂರ್ತಿ ಬಿಟ್ಟು ಮೂರು ಜೋಳದ ರೊಟ್ಟಿ ತಿನ್ನುವವರಿಗೆ ತಮ್ಮ ಸಲಹೆ ಏನು?
ಉತ್ತರ: ರೊಟ್ಟಿಗೆ ಬಳಸಿದ ಹಿಟ್ಟನ್ನು ಒಮ್ಮೆ ತೂಗಿ ನೋಡಲು ಹೇಳುವುದು.