ಹಿರಿಯರ ಅಡಿಗೆಮನೆ: ಕೊಯ್ಲಿಗೆ ಮೊದಲೇ ಓದಬೇಕಾದ ಪಾಠ

ಅಡಿಕೆ ಕೊಯ್ಲು ಬಂತೆಂದರೆ ಹಾನಗಲ್ಲ, ಹಿರೇಕೆರೂರು ಭಾಗದ ತೋಟದ ಮನೆಗಳಲ್ಲಿ ದುಡಿಯುವ ಕೈಗಳೆಲ್ಲ ತೋಟಕ್ಕೂ ಅಂಗಳಕ್ಕೂ ಹೋಗುತ್ತವೆ. ಶಿಗ್ಗಾಂವಿ, ಸವಣೂರು ಕಡೆಯಲ್ಲಿಯೂ ಸುಗ್ಗಿಯ ದಿನಗಳು ಹೀಗೆಯೇ. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ. ಆಳುಗಳ ಚಹಾ, ಮಧ್ಯಾಹ್ನದ ರೊಟ್ಟಿ-ಪಲ್ಯ, ಸಂಜೆಯ ಬಿಸಿನೀರು ಎಲ್ಲವೂ ಆ ಹಿರಿಯ ಕೈಗಳಿಂದಲೇ ಆಗಬೇಕು. ಇಳುವರಿ, ಧಾರಣೆಗಳ ಬಗೆಗೆ ನಾವು ಈ ಪುಟಗಳಲ್ಲಿ ಎಷ್ಟೋ ಬರೆಯುತ್ತೇವೆ. ಒಲೆಯ ಮುಂದೆ ಒಬ್ಬರೇ ಕುಳಿತವರ ಕ್ಷೇಮದ ಬಗೆಗೂ ಬರೆಯುವುದು ನಮ್ಮ ಕರ್ತವ್ಯವೆಂದು ತಿಳಿದು ಈ ಪಾಠವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಮೊದಲಿಗೇ ಒಂದು ಮಾತು. "ಅಜ್ಜಿಗೆ ವಯಸ್ಸಾಯಿತು, ಇನ್ನು ಒಲೆಯ ಹತ್ತಿರ ಬಿಡಬೇಡಿ" ಎನ್ನುವುದು ಪರಿಹಾರವಲ್ಲ. ಐವತ್ತು ವರ್ಷ ಮನೆ ನಡೆಸಿದವರ ಕೈಯಿಂದ ಸೌಟು ಕಸಿದುಕೊಂಡರೆ ಅವರ ಯಜಮಾನಿಕೆಯನ್ನೇ ಕಸಿದಂತೆ. ಅವರು ಮೂಲೆ ಹಿಡಿದು ಬೇಗನೆ ಕುಗ್ಗುತ್ತಾರೆ. ಆದುದರಿಂದ ಅವರನ್ನು ಬಿಡಿಸದೆ, ಅಡಿಗೆಮನೆಯನ್ನೇ ಅವರಿಗೆ ಒಗ್ಗುವಂತೆ ತಿದ್ದಬೇಕು.

ಅಪಾಯ ಹೆಚ್ಚೇಕೆ?

ವಯಸ್ಸಾದಂತೆ ಮೂಗಿನ ವಾಸನಾಶಕ್ತಿ ಕಡಿಮೆಯಾಗುತ್ತದೆ, ಕಣ್ಣು ಮಂಜಾಗುತ್ತದೆ. ಚರ್ಮ ತೆಳುವಾಗುವುದರಿಂದ ಅದೇ ಬಿಸಿಗೆ ಗಾಯ ಹೆಚ್ಚು ಆಳಕ್ಕೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಕೆಂಡ ತಾಗಿದ್ದೇ ತಿಳಿಯದಿರಬಹುದು. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ನೆಲದಿಂದ ಥಟ್ಟನೆ ಎದ್ದಾಗ ತಲೆ ಸುತ್ತುವುದುಂಟು.

ಗ್ಯಾಸಿನ ಒಲೆ

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಕಟ್ಟಿಗೆಯ ಒಲೆಯ ಮುಂದೆಯೇ ಆಯುಷ್ಯ ಕಳೆದ ಅನೇಕ ಹಿರಿಯರು ಗ್ಯಾಸಿಗೆ ಬಂದರು. ಕಟ್ಟಿಗೆಯ ಬೆಂಕಿ ಕಣ್ಣಿಗೆ ಕಾಣುತ್ತದೆ, ಸೋರಿದ ಗ್ಯಾಸು ಕಾಣುವುದಿಲ್ಲ. ಅಡಿಗೆಯ ಗ್ಯಾಸಿಗೆ ಸ್ವತಃ ವಾಸನೆಯಿಲ್ಲ. ಸೋರಿದ್ದು ಗೊತ್ತಾಗಲೆಂದು ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಆದರೆ ಮಂದವಾದ ಮೂಗಿಗೆ ಅದೂ ತಡವಾಗಿ ತಿಳಿಯುತ್ತದೆ. ಈ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಆದುದರಿಂದ:

1. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿರಿ. ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿರಲಿ. ಅದೇ ಕೋಣೆಯಲ್ಲಿ ಕಟ್ಟಿಗೆಯ ಒಲೆ ಹಚ್ಚಬೇಡಿರಿ.
2. ರಬ್ಬರ್ ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಿಸಿರಿ. ಬಿರುಕು ಕಂಡರೆ ಅದೇ ದಿನ ಬದಲಿಸಿರಿ.
3. ಸಿಲಿಂಡರಿನ ಕೊರಳಪಟ್ಟಿಯ ಮೇಲಿನ ಅಕ್ಷರ ಓದಿಕೊಳ್ಳಿರಿ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಜೊತೆಗಿರುವ ಅಂಕಿ ವರ್ಷವನ್ನು ತಿಳಿಸುತ್ತದೆ. ಪರೀಕ್ಷೆಯ ಆ ಅವಧಿ ಮುಗಿದಿದ್ದರೆ ಸಿಲಿಂಡರು ಬೇಡವೆನ್ನಿರಿ.
4. ಅಡಿಗೆ ಮುಗಿದ ಮೇಲೆ ರೆಗ್ಯುಲೇಟರನ್ನೂ ಮುಚ್ಚುವ ರೂಢಿಯಾಗಲಿ. ಅಜ್ಜಿಯ ಬೆರಳಿಗೆ ಅದು ಬಿಗಿಯಾದರೆ ರಾತ್ರಿ ಮಲಗುವ ಮುನ್ನ ಮನೆಯ ಬೇರೊಬ್ಬರು ಆ ಕೆಲಸ ವಹಿಸಿಕೊಳ್ಳಲಿ.

ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರು ಮುಚ್ಚಿ, ಬಾಗಿಲು-ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು 1906ಕ್ಕೆ ಕರೆ ಮಾಡತಕ್ಕದ್ದು.

ಬಟ್ಟೆ, ಎಣ್ಣೆ, ನೆಲ

ನೈಲಾನ್, ಪಾಲಿಯೆಸ್ಟರ್ ಸೀರೆಗೆ ಕಿಡಿ ತಾಗಿದರೆ ಬಟ್ಟೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಅಡಿಗೆಗೆ ನೂಲಿನ ಸೀರೆಯೇ ಒಳ್ಳೆಯದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರಬೇಕು. ಬೆಂಕಿ ಹತ್ತಿದರೆ ಓಡಬಾರದು, ಓಡಿದಷ್ಟೂ ಗಾಳಿಗೆ ಉರಿ ಏಳುತ್ತದೆ. ನೆಲಕ್ಕೆ ಮಲಗಿ ಉರುಳಬೇಕು. ಹತ್ತಿರವಿದ್ದವರು ದಪ್ಪ ಕಂಬಳಿ ಹೊದಿಸಬೇಕು. ಬಾಣಲೆಯ ಎಣ್ಣೆಗೆ ಉರಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಿದರೆ ಸಾಕು.

ನೆಲದ ಮೇಲೆ ಕುಳಿತೇ ರೊಟ್ಟಿ ಬಡಿಯುವವರಿಗೆ ಏಳುವಾಗ ಹಿಡಿಯಲು ಗೋಡೆಗೊಂದು ಗಟ್ಟಿ ಹಿಡಿಕೆ ಬೇಕು. ಇಲ್ಲದಿದ್ದರೆ ಕೈ ಒಲೆಯನ್ನೋ ಹಂಚನ್ನೋ ಹುಡುಕುತ್ತದೆ. ದಿನಬಳಕೆಯ ಡಬ್ಬಿಗಳು ಸೊಂಟ ಮತ್ತು ಭುಜದ ನಡುವಿನ ಎತ್ತರದಲ್ಲಿರಲಿ. ಅಟ್ಟದ ವಸ್ತುವಿಗಾಗಿ ಹಿರಿಯರು ಸ್ಟೂಲು ಹತ್ತುವ ಪ್ರಸಂಗವೇ ಬರಬಾರದು. ಕುದಿಯುವ ಹಂಡೆಯ ನೀರನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವ ಕೆಲಸವನ್ನು ಪ್ರಾಯದವರು ಮಾಡಲಿ.

ತೋಟದ ಔಷಧಿ ಅಡಿಗೆಮನೆಯಲ್ಲಿ ಬೇಡ

ಇದು ನಮ್ಮಂಥ ಬೆಳೆಗಾರರ ಮನೆಗಳಿಗೇ ವಿಶೇಷವಾದ ಅಪಾಯ. ಕೊಳೆರೋಗಕ್ಕೆ ನೂರಕ್ಕೆ ಒಂದರ ಬೋರ್ಡೋ ದ್ರಾವಣ ಮಾಡಲು 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಮಿಕ್ಕಿದ ಸುಣ್ಣದ ಪುಡಿ ಡಬ್ಬಿಯಲ್ಲಿ ಕುಳಿತರೆ ಮಂಜುಗಣ್ಣಿಗೆ ಅದು ಹಿಟ್ಟು. ಕಳೆನಾಶಕವನ್ನು ಶರಬತ್ತಿನ ಬಾಟಲಿಗೆ ಸುರಿದಿಟ್ಟರೆ ಅದು ಶರಬತ್ತು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಔಷಧಿಯು ಅದರದೇ ಡಬ್ಬಿಯಲ್ಲಿ, ಬೀಗ ಹಾಕಿದ ಬೇರೆ ಜಾಗದಲ್ಲಿರಬೇಕು. ಡಬ್ಬಿಯ ಮೇಲಿನ ಕೆಂಪು ಗುರುತು ಅತಿ ಘೋರ ವಿಷಕ್ಕೆ. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆ. ಹಸಿರು ಎಂದರೆ ವಿಷವಿಲ್ಲವೆಂದಲ್ಲ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ, ಆ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಸುಟ್ಟರೆ ಮಾಡಬೇಕಾದುದು

ಬಳೆ, ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿರಿ. ಮಂಜುಗಡ್ಡೆ, ತುಪ್ಪ, ಅರಿಷಿಣ, ಹಲ್ಲುಪುಡಿ ಯಾವುದೂ ಬೇಡ. ಗುಳ್ಳೆ ಒಡೆಯಬಾರದು. ಶುಭ್ರವಾದ ಬಟ್ಟೆ ಹೊದಿಸಿ ವೈದ್ಯರಿಗೆ ತೋರಿಸಿರಿ. ವಯಸ್ಸಾದವರಲ್ಲಿ ಸಣ್ಣ ಗಾಯವನ್ನೂ ಅಲಕ್ಷಿಸತಕ್ಕದ್ದಲ್ಲ. ಅಂಬುಲೆನ್ಸಿಗೆ 108.

ಈ ವಾರದ ಮನೆಗೆಲಸ

ಹಿರಿಯರನ್ನು ಜೊತೆಗೆ ಕರೆದುಕೊಂಡೇ ಅಡಿಗೆಮನೆಯನ್ನು ಒಮ್ಮೆ ಸುತ್ತಿರಿ. ಯಾವುದು ಕೈಗೆಟುಕದು, ಯಾವುದು ಕಾಣದು, ಎಲ್ಲಿ ಕಾಲು ಜಾರುತ್ತದೆ ಎಂದು ಅವರನ್ನೇ ಕೇಳಿರಿ. ಈ ಮೂರು ನಂಬರುಗಳನ್ನು, ಅವುಗಳ ಕೆಳಗೆ ನೆರೆಮನೆಯವರ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ: ಗ್ಯಾಸು 1906, ಅಂಬುಲೆನ್ಸು 108, ಯಾವುದೇ ತುರ್ತು 112. ಕೊಯ್ಲಿನ ದಿನಗಳಲ್ಲಿ ಹೊತ್ತಿಗೊಮ್ಮೆ ಯಾರಾದರೂ ಮನೆಗೆ ಬಂದು ಮಾತಾಡಿಸಿ ಹೋಗುವಂತೆ ಪಾಳಿ ಹಾಕಿಕೊಳ್ಳಿರಿ. ಇದಿಷ್ಟಕ್ಕೂ ತಗಲುವುದು ಒಂದು ಹಿಡಿಕೆ, ಒಂದು ಕೊಳವೆಯ ಖರ್ಚು ಮತ್ತು ಅರ್ಧ ದಿನದ ಬಿಡುವು. ಕೊಯ್ಲು ಸುರುವಾದ ಮೇಲೆ ಆ ಬಿಡುವು ಸಿಗದು, ಇಂದೇ ಮಾಡಿ ಮುಗಿಸಿರಿ.