ಗಣಿ ಸುರಕ್ಷತಾ ತರಬೇತಿಗೆ ಸರಕಾರದ ಹಣ: ಎಲ್ಲಿ, ಹೇಗೆ ಕೇಳಬೇಕು?

ಗಣಿ ಸುರಕ್ಷತೆಯ ಶಿಕ್ಷಣ ಮತ್ತು ತರಬೇತಿಗೆ ಸಿಗುವ ಸರಕಾರಿ ಹಣ ಬಳ್ಳಾರಿ ಜಿಲ್ಲೆಯಲ್ಲಿ ಒಂದೇ ಹೆಸರಿನಡಿ, ಒಂದೇ ಕಚೇರಿಯಲ್ಲಿ ಕೈಗೆ ಬರುವುದಿಲ್ಲ. ಜಿಲ್ಲಾ ಖನಿಜ ಪ್ರತಿಷ್ಠಾನ, ಅಪ್ರೆಂಟಿಸ್ ಯೋಜನೆ, ಗಣಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನ ಎಂದು ಅದು ಹಂಚಿಹೋಗಿದೆ. ಅಮೆರಿಕದಲ್ಲಿ ಇದಕ್ಕೆಂದೇ ಪ್ರತ್ಯೇಕ ಅನುದಾನವಿದೆ. 2001ರಲ್ಲಿ 13 ಮಂದಿ ಸತ್ತ ಬ್ರೂಕ್‌ವುಡ್ ಮತ್ತು 2006ರಲ್ಲಿ 12 ಮಂದಿ ಸತ್ತ ಸಾಗೊ ಗಣಿಗಳ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಇಲ್ಲಿ ಅರ್ಜಿದಾರರೇ ಮೂರು ಬಾಗಿಲು ತಟ್ಟಬೇಕು. ಯಾವ ಬಾಗಿಲು ಯಾವುದಕ್ಕೆ ಎಂದು ತಿಳಿದಿದ್ದರೆ ಓಡಾಟ ಅರ್ಧ ಕಡಿಮೆಯಾಗುತ್ತದೆ.

ಮೊದಲು ತೀರ್ಮಾನಿಸಬೇಕಾದದ್ದು, ಆ ತರಬೇತಿಯ ಖರ್ಚು ಯಾರ ಹೊಣೆ ಎಂಬುದು. 1966ರ ಗಣಿ ವೃತ್ತಿ ತರಬೇತಿ ನಿಯಮಗಳ ಪ್ರಕಾರ ತರಬೇತಿ ಇಲ್ಲದವರನ್ನು ಗಣಿ ಕೆಲಸಕ್ಕೆ ಹಚ್ಚುವಂತಿಲ್ಲ. 5 ವರ್ಷ ಮೀರದಂತೆ ಮರುತರಬೇತಿಯನ್ನೂ ಕೊಡಬೇಕು. ಈ ವ್ಯವಸ್ಥೆ ಮಾಡುವುದು ಗಣಿ ಮಾಲೀಕರ ಕರ್ತವ್ಯ. ಸಣ್ಣ ಗಣಿಗಳವರು ಹಲವರು ಸೇರಿ ಒಂದೇ ತರಬೇತಿ ಕೇಂದ್ರ ನಡೆಸಬಹುದು. ಮಾಲೀಕರ ಜೇಬಿನಿಂದ ಹೋಗಬೇಕಾದ ಈ ಖರ್ಚಿಗೆ ಸಾರ್ವಜನಿಕ ನಿಧಿ ಕೇಳುವುದು ನ್ಯಾಯವೂ ಅಲ್ಲ, ಅಂಥ ಪ್ರಸ್ತಾವನೆ ನಿಲ್ಲುವುದೂ ಕಷ್ಟ. ಕೆಲಸಕ್ಕೆ ಹಚ್ಚಿದ ಮೇಲೂ ತರಬೇತಿ ಸಿಗದಿದ್ದರೆ ಅದು ಅನುದಾನದ ವಿಷಯವಲ್ಲ, ದೂರಿನ ವಿಷಯ. ದೂರು ಹೋಗಬೇಕಾದದ್ದು ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ. ಧನಬಾದ್‌ನಲ್ಲಿ ಕೇಂದ್ರ ಕಚೇರಿ ಇರುವ ಈ ಸಂಸ್ಥೆಯ ಪ್ರಾದೇಶಿಕ ಕಚೇರಿ ಬಳ್ಳಾರಿಯಲ್ಲೇ ಇದೆ.

ಹಾಗಾದರೆ ಸರಕಾರದ ಹಣ ಯಾರಿಗೆ? ಮಾಲೀಕರ ಹೊಣೆಯ ಬೇಲಿಯಿಂದ ಹೊರಗುಳಿದವರಿಗೆ: ಗಣಿ ಕೆಲಸಕ್ಕೆ ಸೇರಬಯಸುವ ಯುವಕರು, ಅದಿರು ಲಾರಿ ಓಡುವ ರಸ್ತೆಯ ಪಕ್ಕದ ಶಾಲೆಗಳು, ಸಣ್ಣ ಕ್ವಾರಿಗಳ ಕೂಲಿಗಳು. ಕುರುಗೋಡು, ಸಿರುಗುಪ್ಪದ ಕಡೆಯವರು ಈ ಕೊನೆಯ ಗುಂಪನ್ನು ವಿಶೇಷವಾಗಿ ಗಮನಿಸಬೇಕು. ಕಟ್ಟಡದ ಕಲ್ಲು, ಜಲ್ಲಿ, ಸಾಮಾನ್ಯ ಮರಳು ತೆಗೆಯುವ ತೆರೆದ ಗುಂಡಿಯ ಆಳ ಎಲ್ಲೂ 6 ಮೀಟರ್ ಮೀರದೆ, ಯಾವ ದಿನವೂ 50ಕ್ಕಿಂತ ಹೆಚ್ಚು ಜನ ದುಡಿಯದೆ, ಸ್ಫೋಟಕ ಬಳಸದೆ ಇದ್ದರೆ 1952ರ ಗಣಿ ಕಾಯ್ದೆಯ ಬಹುಪಾಲು ಕಲಮುಗಳು ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಮೂರರಲ್ಲಿ ಒಂದು ಮಿತಿ ಮೀರಿದರೂ ವಿನಾಯಿತಿ ಹೋಗುತ್ತಿತ್ತು. ಒಂದೇ ಒಂದು ಕುಳಿಗೆ ಮದ್ದು ತುಂಬಿದರೂ ಅಷ್ಟೇ. ಗಣಿ ಕಾಯ್ದೆಯನ್ನು ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯೊಳಗೆ ಸೇರಿಸಲಾಗಿದೆ. ಆದ್ದರಿಂದ ಅರ್ಜಿಯಲ್ಲಿ ಕಲಂ ಸಂಖ್ಯೆ ಬರೆಯುವ ಮುನ್ನ ಮಹಾನಿರ್ದೇಶನಾಲಯದ ಬಳ್ಳಾರಿ ಕಚೇರಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು.

ದೊಡ್ಡ ಬಾಗಿಲು ಡಿಎಂಎಫ್, ಅಂದರೆ ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಹುಟ್ಟಿದ ಇದಕ್ಕೆ ಹರಾಜಿನಲ್ಲಿ ಪಡೆದ ಪ್ರಮುಖ ಖನಿಜಗಳ ಗಣಿಗಳು ರಾಜಧನದ ಶೇ 10ರಷ್ಟನ್ನೂ, ಅದಕ್ಕೂ ಹಿಂದಿನ ಗುತ್ತಿಗೆಗಳು ಶೇ 30ರಷ್ಟನ್ನೂ ಹೆಚ್ಚುವರಿಯಾಗಿ ಕಟ್ಟುತ್ತವೆ. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಕನಿಷ್ಠ ಶೇ 70ರಷ್ಟು ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲಾಭಿವೃದ್ಧಿಯಂಥ ಆದ್ಯತೆಯ ವಲಯಗಳಿಗೆ ಹೋಗಬೇಕು. ಸುರಕ್ಷತಾ ತರಬೇತಿಯನ್ನು ಈ ಕೊನೆಯ ಮೂರರಲ್ಲಿ ಒಂದರಡಿ ಕೂರಿಸಬೇಕು. ಪ್ರಥಮ ಚಿಕಿತ್ಸೆ ಆರೋಗ್ಯಕ್ಕೆ ಸೇರಿದರೆ, ಯಂತ್ರ ಚಾಲನೆ ಕೌಶಲಕ್ಕೆ ಸೇರುತ್ತದೆ.

ಅರ್ಜಿ ಬರೆಯುವ ಮೊದಲು ಊರು ಗಣಿ ಬಾಧಿತ ಪ್ರದೇಶಗಳ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಗಣಿಯಿಂದ 15 ಕಿ.ಮೀ. ಒಳಗಿನದು ನೇರ ಬಾಧಿತ ಪ್ರದೇಶ, 25 ಕಿ.ಮೀ. ಒಳಗಿನದು ಪರೋಕ್ಷ ಬಾಧಿತ. ಸಂಡೂರಿನ ಊರುಗಳಿಗೆ ಈ ಲೆಕ್ಕ ಸಲೀಸು. ಸಿರುಗುಪ್ಪ ಪಟ್ಟಣ ಬಳ್ಳಾರಿಯಿಂದಲೇ 50 ಕಿ.ಮೀ.ಗೂ ದೂರ, ಸಂಡೂರಿನ ಅದಿರಿನ ಬೆಟ್ಟಗಳು ಇನ್ನೂ ಆಚೆ. ಹಾಗಾಗಿ ಅಲ್ಲಿನವರು ಕಬ್ಬಿಣದ ಗಣಿ ತೋರಿಸಿ ಹಕ್ಕು ಕೇಳಲಾಗದು. ತಮ್ಮ ಹತ್ತಿರದ ಕ್ವಾರಿ ಗುತ್ತಿಗೆಯ ವಿವರವನ್ನು ಬಳ್ಳಾರಿಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಪಡೆದು, ಪಟ್ಟಿಯೊಡನೆ ತಾಳೆ ನೋಡಿಕೊಂಡೇ ಮುಂದುವರಿಯಬೇಕು.

ಮುಂದಿನ ಹಂತ ಅನುಷ್ಠಾನ ಸಂಸ್ಥೆಯನ್ನು ಗೊತ್ತುಮಾಡಿಕೊಳ್ಳುವುದು. ಸಂಘವೊಂದು ತನ್ನ ಖಾತೆಗೇ ಹಣ ಹಾಕಿ ಎಂದು ಕೇಳುವುದಕ್ಕಿಂತ ಸರಕಾರಿ ಐಟಿಐ, ಜಿಲ್ಲಾ ಕೌಶಲಾಭಿವೃದ್ಧಿ ಕಚೇರಿ ಅಥವಾ ಆರೋಗ್ಯ ಇಲಾಖೆಯನ್ನು ಮುಂದಿಟ್ಟುಕೊಂಡರೆ ಕಡತ ಸರಾಗ ಚಲಿಸುತ್ತದೆ. ಆಮೇಲೆ ವಿಷಯವನ್ನು ಗ್ರಾಮಸಭೆಯಲ್ಲಿ ಇಟ್ಟು, ನಡಾವಳಿಯಲ್ಲಿ ಬರೆಸಿ, ಪ್ರತಿ ಪಡೆಯಬೇಕು. ಬಳ್ಳಾರಿ ನಗರದಲ್ಲಾದರೆ ಮಹಾನಗರ ಪಾಲಿಕೆ, ಸಿರುಗುಪ್ಪ, ಕುರುಗೋಡು ಪಟ್ಟಣಗಳಲ್ಲಾದರೆ ಅಲ್ಲಿನ ಪುರಾಡಳಿತದ ಮೂಲಕ ಹೋಗಬೇಕು. ಪ್ರತಿಷ್ಠಾನ ನಡೆಯುವುದು ವಾರ್ಷಿಕ ಯೋಜನೆಯಂತೆ. ಯೋಜನೆ ಸಿದ್ಧವಾಗುವ ಮುನ್ನ ಪ್ರಸ್ತಾವನೆ ಜಿಲ್ಲಾಧಿಕಾರಿ ಕಚೇರಿ ಸೇರಿ, ಸ್ವೀಕೃತಿಯ ಮೊಹರು ಕೈಗೆ ಬಂದಿರಬೇಕು.

ಪ್ರಸ್ತಾವನೆ ಎರಡು ಮೂರು ಪುಟ ಮೀರಬೇಕಿಲ್ಲ. ‘ಗಣಿ ಸುರಕ್ಷತೆ ಬಗ್ಗೆ ಜಾಗೃತಿ’ ಎಂಬ ಒಂದು ಸಾಲು ಯಾರನ್ನೂ ಒಪ್ಪಿಸದು. ಅಪಾಯವನ್ನೇ ಹೆಸರಿಸಬೇಕು. ಟಿಪ್ಪರ್ ಹಿಂದಕ್ಕೆ ಬರುವಾಗ ಹೆಲ್ಪರ್ ಹಿಂಬದಿಯಲ್ಲೇ ನಿಂತು ‘ಬಾ, ಬಾ’ ಎಂದು ಕೈಬೀಸುತ್ತಾನೆ. ಕನ್ನಡಿಯಲ್ಲಿ ಅವನು ಕಾಣದ ಜಾಗ ಎಷ್ಟೆಂದು ಚಾಲಕನನ್ನು ಸೀಟಿನಲ್ಲಿ ಕೂರಿಸಿ, ನೆಲದ ಮೇಲೆ ಸುಣ್ಣದ ಗೆರೆ ಎಳೆದು ತೋರಿಸುವುದು ಒಂದು ಪಾಠ. ಕಲ್ಲಿಗೆ ನೀರು ಬಿಡದೆ ಕುಳಿ ಕೊರೆದಾಗ ಏಳುವ ಬಿಳಿ ಧೂಳು, ನೀರು ಬಿಟ್ಟು ಕೊರೆದಾಗ ಇಳಿಯುವ ಕೆಸರು, ಎರಡನ್ನೂ ಅಕ್ಕಪಕ್ಕ ತೋರಿಸುವುದು ಇನ್ನೊಂದು. ಆ ಧೂಳೇ ಸಿಲಿಕೋಸಿಸ್‌ಗೆ ಮೂಲ, ಆ ಕಾಯಿಲೆ ಬಂದ ಮೇಲೆ ವಾಸಿಯಾಗದು. ಇಂಥ ಪಾಠಗಳ ಪಟ್ಟಿ, ಕಲಿಸುವವರ ಅರ್ಹತೆ, ಕಲಿಯುವವರ ಸಂಖ್ಯೆ ಇದ್ದರೆ ಲೆಕ್ಕ ತಾನಾಗಿ ಮೂಡುತ್ತದೆ: 30 ಜನ, 3 ದಿನ ಎಂದರೆ 90 ಊಟ. ದಿನಗೂಲಿಯವರ ಕಳೆದುಹೋಗುವ ಕೂಲಿಯನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಎರಡನೆಯ ದಿನ ಕುರ್ಚಿಗಳು ಖಾಲಿ.

ಹಣ ಮಂಜೂರಾದರೆ ಹಾಜರಿ ಪುಸ್ತಕ, ಬಿಲ್ಲು, ಫೋಟೊ ಸಹಿತ ಬಳಕೆ ಪ್ರಮಾಣಪತ್ರ ಕೊಡಬೇಕು. ಅದು ಬಾಕಿ ಇದ್ದರೆ ಮುಂದಿನ ಕಂತು ಕೇಳುವ ಮುಖ ಇರುವುದಿಲ್ಲ.

ಉಳಿದ ಬಾಗಿಲುಗಳು ಚಿಕ್ಕವು. ಐಟಿಐ ಮುಗಿಸಿದವರನ್ನು ಗಣಿ ಕಂಪನಿ ಅಪ್ರೆಂಟಿಸ್ ಆಗಿ ತೆಗೆದುಕೊಂಡರೆ, 2016ರ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಡಿ ಕೇಂದ್ರ ಸರಕಾರ ಸ್ಟೈಪೆಂಡಿನ ಶೇ 25ರಷ್ಟನ್ನು ತಿಂಗಳಿಗೆ ₹1,500 ಮೀರದಂತೆ ಭರಿಸುತ್ತದೆ. ಅಭ್ಯರ್ಥಿ, ಕಂಪನಿ ಇಬ್ಬರೂ ಅಪ್ರೆಂಟಿಸ್ ಪೋರ್ಟಲಿನಲ್ಲಿ ನೋಂದಾಯಿಸಿ, ಒಪ್ಪಂದ ಅಲ್ಲೇ ಆಗಬೇಕು.

ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಗಣಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನವಿದೆ. ಒಂದನೇ ತರಗತಿಗೆ ವರ್ಷಕ್ಕೆ ₹1,000ದಿಂದ ಆರಂಭವಾಗಿ ವೃತ್ತಿಪರ ಪದವಿಗೆ ₹25,000ದವರೆಗೆ ಸಿಗುತ್ತದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ತಂದೆ ಅಥವಾ ತಾಯಿ ಗಣಿಯಲ್ಲಿ ದುಡಿಯುತ್ತಿರುವುದಕ್ಕೆ ದಾಖಲೆ ಬೇಕು. ಅರ್ಜಿ ಕಳಿಸಿದ ಮೇಲೆ ಶಾಲೆಯವರು ತಮ್ಮ ಲಾಗಿನ್‌ನಲ್ಲಿ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಿದ್ದಾರೆಯೇ ಎಂದು ಹೋಗಿ ಕೇಳಬೇಕು. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದನ್ನೂ ಅದೇ ವಾರ ನೋಡಿಕೊಳ್ಳಬೇಕು.