ಹಿತ್ತಲಲ್ಲಿ ಹೂಬಿಟ್ಟ ಗುರುತರಿಯದ ಬಳ್ಳಿ

ಓದತಕ್ಕ ಭಾಗ: 2 ಅರಸುಗಳು 4:38-41

ಗಿಲ್ಗಾಲಿನಲ್ಲಿ ಬರವಿದ್ದಾಗ ಪ್ರವಾದಿಗಳ ಶಿಷ್ಯರಲ್ಲೊಬ್ಬನು ಹೊಲಕ್ಕೆ ಹೋಗಿ, ಕಾಡುಬಳ್ಳಿಯ ಕಾಯಿಗಳನ್ನು ಮಡಿಲು ತುಂಬ ತಂದು, ಹೆಚ್ಚಿ ಅಡಿಗೆಯ ಪಾತ್ರೆಯಲ್ಲಿ ಹಾಕಿದನು. ಅವನಲ್ಲಿ ದುರ್ಬುದ್ಧಿಯಿರಲಿಲ್ಲ, ಹಸಿದವರಿಗೆ ಉಣಿಸಬೇಕೆಂಬ ಆಶೆಯಿತ್ತು. ಆದರೆ ಆ ಕಾಯಿ ಯಾವದೆಂದು ಅರಿತಿರಲಿಲ್ಲ. ಅದು ನಾವು ಹಾವುಮೆಕ್ಕೆ ಎನ್ನುವ ಕಹಿಕಾಯಿ ಎಂದು ಅನೇಕ ಪಂಡಿತರ ಅಭಿಪ್ರಾಯ.

ಈ ಭಾಗವು ನನಗೆ ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಚೆನ್ನಾಗಿ ತಿಳಿಯಬಂತು. ಮುಂಗಾರು ಮಳೆಯಾದ ಮೇಲೆ ಸಭೆಯವರೊಬ್ಬರ ಹಿತ್ತಲಿನ ಬೇಲಿಯಲ್ಲಿ ಯಾರೂ ನೆಡದ ಬಳ್ಳಿಯೊಂದು ಹೂಬಿಟ್ಟಿತ್ತು. ಮನೆಯ ತಾಯಿಯು, "ಅಯ್ಯನವರೇ, ಇದು ಯಾವ ಹೂವು? ಬುಡದಲ್ಲಿ ಗೆಣಸಿನಂಥ ಗೆಡ್ಡೆ ಸಿಕ್ಕಿತು, ಮಕ್ಕಳಿಗೆ ಸುಟ್ಟುಕೊಡೋಣವೆಂದು ಇಟ್ಟಿದ್ದೇನೆ" ಎಂದರು. ನಾನು ಹೂವನ್ನು ನೋಡುವದಕ್ಕೆ ಮುಂಚೆ ಗೆಡ್ಡೆಯನ್ನು ಹೊರಗೆ ತರಿಸಿದೆನು.

ಹೂವಿಗೆ ಆರು ಎಸಳು. ಅಂಚು ಅಲೆಯಲೆಯಾಗಿದ್ದು, ಹಿಂದಕ್ಕೆ ಮಡಿದು ಬೆಂಕಿಯ ನಾಲಿಗೆಗಳಂತೆ ಮೇಲಕ್ಕೆ ನಿಂತಿರುವವು. ಮೊದಲು ಹಸುರು ಬೆರೆತ ಹಳದಿ, ಬರಬರುತ್ತಾ ಕೆಂಪು. ಆದ್ದರಿಂದ ಒಂದೇ ಬಳ್ಳಿಯಲ್ಲಿ ಎರಡು ಜಾತಿಯ ಹೂಗಳಿವೆಯೆಂದು ಭ್ರಮೆಯಾಗುವದು. ಬಣ್ಣಕ್ಕಿಂತ ಎಲೆಯ ತುದಿಯೇ ಒಳ್ಳೆಯ ಗುರುತು. ಅದು ನೂಲಿನಂತೆ ನೀಳವಾಗಿ ಸುರುಳಿಗೊಂಡು ಪಕ್ಕದ ಗಿಡವನ್ನು ಹಿಡಿದುಕೊಳ್ಳುವದು. ಗೆಡ್ಡೆಯು ನೇಗಿಲಿನಂತೆ ಬಾಗಿರುವದು. ಸಂಸ್ಕೃತದಲ್ಲಿ ಲಾಂಗಲೀ ಎಂಬ ಹೆಸರು ಇದಕ್ಕೊಪ್ಪುವದು. ನಮ್ಮಲ್ಲಿ ಅಗ್ನಿಶಿಖೆ, ಗೌರಿಹೂವು ಎನ್ನುವರು. 1753ರಲ್ಲಿ ಲಿನ್ನೇಯಸನು ಗ್ಲೋರಿಯೋಸಾ ಸುಪರ್ಬಾ ಎಂದು ಹೆಸರಿಟ್ಟನು. ನೆರೆಯ ತಮಿಳುನಾಡಿಗೆ ಇದೇ ರಾಜ್ಯಪುಷ್ಪ.

ಇಷ್ಟು ಚೆಲುವಾದ ಬಳ್ಳಿಯ ಸರ್ವಾಂಗವೂ ವಿಷ. ಗೆಡ್ಡೆ ಮತ್ತು ಬೀಜಗಳಲ್ಲಿ ಹೆಚ್ಚು. ಆ ವಿಷದ ಹೆಸರು ಕಾಲ್ಚಿಸಿನ್. ವೈದ್ಯರು ಅದನ್ನೇ ಬಹು ಸ್ವಲ್ಪವಾಗಿ ಅಳೆದು ಕೀಲುಬಾವಿಗೆ ಕೊಡುವದುಂಟು. ಗೆಡ್ಡೆಯನ್ನು ತಿಂದವನಿಗಾದರೋ ಕೆಲವು ಗಂಟೆಗಳಲ್ಲಿ ವಾಂತಿಭೇದಿ ಹತ್ತುವದು. ಅದು ನಿಂತಂತೆ ಕಂಡರೂ ಮುಂದಿನ ದಿನಗಳಲ್ಲಿ ಪ್ರಾಣಕ್ಕೆ ಬರಬಹುದು. ಬೇಯಿಸಿದರೆ ವಿಷ ಹೋಗುವದೆಂದು ನಂಬಬೇಡಿರಿ.

ಎಲೀಷನು ಪಾತ್ರೆಯಲ್ಲಿ ಹಿಟ್ಟು ಹಾಕಿದನಲ್ಲಾ ಎಂದು ಆ ಮನೆಯಲ್ಲೇ ಒಬ್ಬರು ಕೇಳಿದರು. ಅದು ದೇವರು ಮಾಡಿದ ಅದ್ಭುತ; ಮನೆಮದ್ದಿನ ಪಾಠವಲ್ಲ. ಇಂಥ ವಚನಗಳಿಂದ ಔಷಧ ಹೊರಡಿಸುವವರನ್ನು ಕಂಡರೆ ನನಗೆ ಭಯವಾಗುವದು. ತಿಂದವನನ್ನು ತಡಮಾಡದೆ ಮಳವಳ್ಳಿ, ಮದ್ದೂರು, ಮಂಡ್ಯ ಯಾವದು ಹತ್ತಿರವೋ ಅಲ್ಲಿನ ಸರಕಾರಿ ಆಸ್ಪತ್ರೆಗೆ ಒಯ್ಯಿರಿ; ತಿಂದು ಉಳಿದದ್ದನ್ನೂ ಬಳ್ಳಿಯ ತುಂಡನ್ನೂ ಜೊತೆಗೆ ಕೊಂಡುಹೋಗಿರಿ. ಬೇರೆ ಗಿಡ ಯಾವದೆಂದು ತಿಳಿಯದಿದ್ದರೆ, ಹೂ, ಎಲೆ, ಕಾಯಿ ಮೂರೂ ಇರುವ ಕೊಂಬೆಯನ್ನು ಮಂಡ್ಯದ ವಿ. ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ತೋರಿಸಿ ಕೇಳಬಹುದು.

ಬಳ್ಳಿಯನ್ನು ಕೀಳಿಸಬೇಕೋ ಎಂದು ಆ ತಾಯಿ ಕೇಳಿದರು. ಮನೆಯಲ್ಲಿ ಚಿಕ್ಕ ಕೂಸು ಇದ್ದದರಿಂದ ಕೀಳಿಸಿರೆಂದೆನು. ಗೆಡ್ಡೆ ಉಳಿದರೆ ಬರುವ ಮಳೆಗೆ ಮತ್ತೆ ಚಿಗುರುವದು. ಆದಕಾರಣ ಆ ಸಂಜೆಯೇ ಬುಡವನ್ನು ಆಳವಾಗಿ ಅಗೆಸಿದೆವು.